ತೋರಿಸದ ರೈಲು

ಯಸುಜಿರೊ ಓಝು ಅವರ ‘ಟೋಕಿಯೋ ಸ್ಟೋರಿ’ (1953) ನೋಡಿದ ಗೆಳೆಯರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ಒಳ್ಳೆಯ ಚಿತ್ರ, ಆದರೆ ಬಹಳ ನಿಧಾನ. ದುಬೈನ ಬಾಡಿಗೆ ಮನೆಯಲ್ಲಿ ಮೊದಲ ಸಲ ನೋಡಿದಾಗ ನಾನೂ ಹಾಗೇ ಅಂದಿದ್ದೆ. ಎರಡನೆಯ ಸಲ ನೋಡುವಾಗ, ಲೆಕ್ಕ ಪರಿಶೋಧಕನ ಚಟ ನೋಡಿ, ಚಿತ್ರದಲ್ಲಿ ಏನೇನು ಇಲ್ಲ ಎಂದು ಪಟ್ಟಿ ಮಾಡತೊಡಗಿದೆ. ಆಗ ತಿಳಿಯಿತು: ಮುಖ್ಯವಾದ ಕಡೆಗಳಲ್ಲೆಲ್ಲ ಈ ಚಿತ್ರ ಬಲು ಅವಸರದ್ದು.

ಒನೊಮಿಚಿ ಎಂಬ ಕಡಲತೀರದ ಊರಿನ ವೃದ್ಧ ದಂಪತಿ ಟೋಕಿಯೋದಲ್ಲಿರುವ ಮಕ್ಕಳನ್ನು ನೋಡಲು ಹೊರಡುತ್ತಾರೆ. ಚೀಲ ತುಂಬುತ್ತಾರೆ, ನೆರೆಯಾಕೆ ಕಿಟಕಿಯಲ್ಲಿ ಮಾತಾಡಿಸಿ ಹೋಗುತ್ತಾಳೆ. ಸ್ವಲ್ಪದರಲ್ಲೇ ಟೋಕಿಯೋದ ಚಿಮಣಿಗಳು. ನಡುವಿನ ರೈಲೂ ಇಲ್ಲ, ಹಾದಿಯೂ ಇಲ್ಲ. ಮರಳುವಾಗ ತಾಯಿಗೆ ರೈಲಿನಲ್ಲಿ ಹುಷಾರು ತಪ್ಪುತ್ತದೆ. ಒಸಾಕಾದ ಮಗ ತನ್ನ ಸಹೋದ್ಯೋಗಿಗೆ ಹೇಳುವಾಗಲೇ ಅದು ನಮಗೆ ಗೊತ್ತಾಗುವುದು. ಕೊನೆಗೆ ಆಕೆಯ ಸಾವು. ಬೆಳಗಿನ ತನಕ ಉಳಿಯುವುದು ಕಷ್ಟ ಎಂದು ವೈದ್ಯನಾದ ಹಿರಿಮಗ ಹೇಳುತ್ತಾನೆ. ಆಮೇಲೆ ನಸುಕಿನ ಊರಿನ ಕೆಲವು ನೋಟಗಳು. ಮತ್ತೆ ಮನೆಯೊಳಗೆ ಬಂದರೆ ತಾಯಿಯ ಮುಖದ ಮೇಲೆ ಬಟ್ಟೆ ಹೊದಿಸಿದೆ.

ಒಂದು ದೃಶ್ಯ ಕರಗಿ ಇನ್ನೊಂದಾಗುವ, ಪರದೆ ಕಪ್ಪಾಗಿ ಮತ್ತೆ ಬೆಳಕಾಗುವ ರೂಢಿಯ ಉಪಾಯಗಳು ಇಲ್ಲಿಲ್ಲ. ಸಂಕಲನಕಾರ ಯೋಶಿಯಾಸು ಹಮಮುರಾ ನೇರವಾಗಿ ಕತ್ತರಿಸುತ್ತಾರೆ. ಒಂದು ಕ್ಷಣ ಜಿಗಿಯುವುದಕ್ಕೂ ಒಂದು ರಾತ್ರಿ ಜಿಗಿಯುವುದಕ್ಕೂ ಅದೇ ಕತ್ತರಿ. ಎಷ್ಟು ಹೊತ್ತು ಕಳೆಯಿತೆಂದು ನಾವೇ ಲೆಕ್ಕ ಹಾಕಬೇಕು, ಹಾಕುವಷ್ಟರಲ್ಲಿ ತಡವಾಗಿರುತ್ತದೆ.

ಹೀಗೆ ಉಳಿಸಿದ ಕಾಲವೆಲ್ಲ ಎಲ್ಲಿ ಖರ್ಚಾಗುತ್ತದೆ? ಬೀಸಣಿಗೆ ಬೀಸಿಕೊಳ್ಳುತ್ತ ಕೂರುವುದರಲ್ಲಿ. ಹೊರಡಲು ಸಿದ್ಧರಾದ ಮೇಲೆ ರೋಗಿಯ ಕರೆ ಬಂದು ತಿರುಗಾಟ ರದ್ದಾಗುವುದರಲ್ಲಿ. ಅತಾಮಿಯ ಕಡಲ ಗೋಡೆಯ ಮೇಲೆ ಕೂತು, ಊರಿಗೆ ಹೋಗಿಬಿಡೋಣವೇ ಎಂದು ಮಾತಾಡಿಕೊಳ್ಳುವುದರಲ್ಲಿ. ಮಕ್ಕಳಿಗೆ ಹೊತ್ತಿಲ್ಲ, ಹೆತ್ತವರಿಗೆ ಹೊತ್ತು ಹೋಗುವುದಿಲ್ಲ. ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಯಾವ ದೃಶ್ಯ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರಲ್ಲೇ ಅದು ತಿಳಿಯುತ್ತದೆ.

ಟೋಕಿಯೋದವರಿಗಿಂತ ಹತ್ತಿರದಲ್ಲಿದ್ದೂ ಒಸಾಕಾದ ಮಗ ತಾಯಿಯ ಸಾವಿಗೆ ತಡವಾಗಿ ಬರುತ್ತಾನೆ. ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಅವನ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ನನ್ನ ಅಪ್ಪ ತೀರಿಕೊಂಡದ್ದು ಒಂದು ಡಿಸೆಂಬರ್ 31ರಂದು. ನಾನು ಗೋದಾಮೊಂದರಲ್ಲಿ ವರ್ಷಾಂತ್ಯದ ಸ್ಟಾಕ್ ಎಣಿಸುತ್ತಿದ್ದೆ; ಫೋನು ಗೇಟಿನ ಕಾವಲುಗಾರನ ಬಳಿ ಇತ್ತು. ದುಬೈನಿಂದ ಮಂಗಳೂರಿಗೆ ವಿಮಾನದಲ್ಲಿ ಮೂರೂವರೆ ಗಂಟೆ. ಆ ಹಾದಿಯ ಒಂದು ನಿಮಿಷವೂ ನನಗೆ ನೆನಪಿಲ್ಲ. ಗೋದಾಮಿನ ಗೇಟು; ಅದರ ಹಿಂದೆಯೇ ಪುತ್ತೂರಿನ ನಮ್ಮ ಜಗಲಿ, ಅಂಗಳದಲ್ಲಿ ಬಾಡಿಗೆ ಕುರ್ಚಿಗಳು, “ಈಗ ಬಂದೆಯಾ ಮಗಾ” ಎಂದ ಅಮ್ಮ. ಓಝು ಪ್ರಯಾಣಗಳನ್ನು ಬಿಟ್ಟದ್ದು ಫಿಲ್ಮ್ ಉಳಿಸಲು ಅಲ್ಲ ಎಂದು ನಾನು ನಂಬುವುದು ಇದಕ್ಕೇ. ತಡವಾಗಿ ತಲುಪಿದವನ ನೆನಪು ಇರುವುದೇ ಹಾಗೆ.

ಇಷ್ಟೆಲ್ಲ ಬಿಟ್ಟ ಚಿತ್ರ ಕೊನೆಯಲ್ಲಿ ಒಂದು ರೈಲು ಪ್ರಯಾಣವನ್ನು ತೋರಿಸುತ್ತದೆ. ಯುದ್ಧದಲ್ಲಿ ಸತ್ತ ಮಗನ ಹೆಂಡತಿ ನೊರಿಕೊ (ಸೆಟ್ಸುಕೊ ಹಾರಾ) ಟೋಕಿಯೋಗೆ ಮರಳುತ್ತಿದ್ದಾಳೆ. ಕೈಯಲ್ಲಿ ಮಾವ ಕೊಟ್ಟ ಅತ್ತೆಯ ಗಡಿಯಾರ. ಹೆತ್ತ ಮಕ್ಕಳಿಗೆ ಸಿಗದ ಹಾದಿ ಅವಳಿಗೆ ಸಿಕ್ಕಿದೆ. ಟೋಕಿಯೋದಲ್ಲಿ ಕೆಲಸಕ್ಕೆ ರಜೆ ಹಾಕಿ ಅತ್ತೆ ಮಾವನನ್ನು ಊರು ತಿರುಗಿಸಿದವಳೂ ಅವಳೇ.

ಆಮೇಲೆ ಮತ್ತೆ ಅದೇ ಕಿಟಕಿ, ಅದೇ ನೆರೆಯಾಕೆ. ಒಳಗೆ ಕೂತಿರುವವರು ಮಾತ್ರ ಈಗ ಒಬ್ಬರೇ.

ಈಗ ಅಮ್ಮ ಫೋನಿನಲ್ಲಿ ಮಾತು ಮುಗಿಸಿ ಸುಮ್ಮನಾದರೂ, ನಾನಾಗಿ ಕಟ್ ಮಾಡುವುದಿಲ್ಲ.