ಕಸುಬಿನ ಹೆಸರೊಳಗೆ ಹೂತುಹೋದ ಅಜ್ಜ

ವಂಶದ ಚರಿತ್ರೆ ಬರೆಯುವವರ ಕೈಯಲ್ಲಿ ಒಂದು ಸೂತ್ರವಿದೆ. ಹಿರೀಕನ ಹೆಸರು ಸಿಗದಿದ್ದರೆ ಅವನ ಕಸುಬನ್ನು ಹಿಡಿದು ಹೊರಡು, ಅವನು ಸಿಗುತ್ತಾನೆ. ಇಂಗ್ಲೆಂಡಿನಲ್ಲಿ ಇದು ಎಷ್ಟೋ ಸಲ ಫಲ ಕೊಡುತ್ತದೆ. ಅಲ್ಲಿ ಹುಡುಗನೊಬ್ಬ ಬಡಗಿಯ ಹತ್ತಿರವೋ ಚಮ್ಮಾರನ ಹತ್ತಿರವೋ ಕೆಲಸ ಕಲಿಯಲು ಸೇರಿದರೆ ಕರಾರು ಬರೆಯುತ್ತಿದ್ದರು. ಆ ಕರಾರುಗಳ ಮೇಲೆ ಸರ್ಕಾರ ತೆರಿಗೆ ಹಾಕಿತ್ತು. 1710ರಿಂದ 1811ರವರೆಗಿನ ಆ ತೆರಿಗೆಯ ಪುಸ್ತಕಗಳಲ್ಲಿ ಹುಡುಗನ ಹೆಸರು, ಕಲಿಸುವವನ ಹೆಸರು, ಕಸುಬು ಎಲ್ಲ ಉಂಟು.

ಈ ಸೂತ್ರವನ್ನು ನಮ್ಮ ಕೇರಿಗೆ ತಂದರೆ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತದೆ. ಕರಾರು ಬರೆಯಬೇಕಾದರೆ ಇನ್ನೊಂದು ಕಸುಬಿಗೆ ಹೋಗುವ ದಾರಿ ಇರಬೇಕು. ಮಾದಿಗರ ಹುಡುಗ ಚರ್ಮ ಹದ ಮಾಡಲು ಕಲಿತದ್ದಕ್ಕೆ ಯಾವ ಕಾಗದ? ಅವನು ಹುಟ್ಟಿದ್ದೇ ಕರಾರು.

ಕಾಗದ ಇಲ್ಲದಿದ್ದರೆ ಬಾಯಿಮಾತು ಇದೆಯಲ್ಲ ಅನ್ನಬಹುದು. ಉತ್ತರ ಕರ್ನಾಟಕದ ಹೆಳವರು ಎತ್ತಿನೊಂದಿಗೆ ಊರೂರು ತಿರುಗಿ ಒಕ್ಕಲು ಮನೆತನಗಳ ತಲೆಮಾರುಗಳನ್ನು ಒಪ್ಪಿಸುತ್ತಾರೆ. ಅದು ಸಣ್ಣ ವಿದ್ಯೆಯಲ್ಲ. ಆದರೆ ಹೇಳಿಸಿಕೊಳ್ಳುವ ಮನೆಯಲ್ಲಿ ಕೊಡಲು ಕಾಳಿರಬೇಕು. ನೆನಪಿಗೂ ಕೂಲಿ ಉಂಟು ಗೆಳೆಯರೆ. ಕೂಲಿ ಕೊಡಲಾರದವನ ಮುತ್ತಾತನನ್ನು ಯಾರು ನೆನಪಿಟ್ಟುಕೊಳ್ತಾರೆ?

ಹಾಗಂತ ಸೂತ್ರವನ್ನು ಬಿಸಾಡಬೇಕಿಲ್ಲ, ತಿರುಗಿಸಿ ಹಿಡಿಯಬೇಕು. ನಮ್ಮಲ್ಲಿ ದಾಖಲೆಯ ಕಸುಬು ಅಜ್ಜ ಏನು ಬಲ್ಲವನಾಗಿದ್ದ ಅನ್ನುವುದನ್ನು ಹೇಳುವುದಿಲ್ಲ. ಊರು ಅವನಿಂದ ಏನು ಮಾಡಿಸಿಕೊಂಡಿತು ಅನ್ನುವುದನ್ನು ಹೇಳುತ್ತದೆ. ಇದನ್ನು ಮರೆತು ಬರೆದ ವಂಶಚರಿತ್ರೆ ಶಾನುಭೋಗನ ಲೆಕ್ಕದ ನಕಲು ಅಷ್ಟೆ.

ತೋಟಿಯ ಮಾತೇ ತೆಗೆದುಕೊಳ್ಳಿ. ಹಳೇ ಮೈಸೂರಿನ ಊರುಗಳಲ್ಲಿ ಪಟೇಲ, ಶಾನುಭೋಗ, ತೋಟಿ, ತಳವಾರ, ನೀರುಗಂಟಿ ಎಲ್ಲರೂ ಊರ ಚಾಕರಿಯವರೆ. ಕಣದಲ್ಲಿ ಆಯ, ಜೊತೆಗೆ ಒಂದಿಷ್ಟು ಇನಾಂ ಜಮೀನು. ಪಟೇಲಿಕೆ ಮನೆತನಕ್ಕೆ ಗೌರವ ತಂದಿತು. ತೋಟಿಯ ಕೆಲಸ ತಂದಿದ್ದು ಸಾವಿನ ಸುದ್ದಿ ಹೊತ್ತು ನಡೆಯುವ ಕಾಲು, ಕರೆದಾಗ ಓಡುವ ಬಿಟ್ಟಿ. ಒಬ್ಬನ ಹುದ್ದೆ ಅಡ್ಡಹೆಸರಾಗಿ ಮೆರೆಯಿತು, ಇನ್ನೊಬ್ಬನ ಹುದ್ದೆ ಬೈಗುಳವಾಯಿತು.

ಕುಳವಾಡಿಯ ಕತೆ ಇನ್ನೂ ಖಾರವಾದದ್ದು. ಹಾಸನ ಜಿಲ್ಲೆಯ ಹೊಲೆಯರ ಬಗ್ಗೆ ಮೆಕೆಂಜಿ ಎಂಬ ಇಂಗ್ಲಿಷ್ ಅಧಿಕಾರಿ 1873ರಲ್ಲಿ ಒಂದು ಲೇಖನ ಬರೆದ. ಎರಡು ಊರಿನ ಗಡಿ ಜಗಳ ಬಂದರೆ ಕುಳವಾಡಿಯ ಮಾತೇ ಕೊನೆ. ಊರ ಮಣ್ಣಿನ ಉಂಡೆಯೊಳಗೆ ನೀರು ತುಂಬಿ, ಅದನ್ನು ತಲೆಯ ಮೇಲಿಟ್ಟು ಅವನು ಗಡಿಯುದ್ದಕ್ಕೂ ನಡೆಯಬೇಕು. ದಾರಿ ತಪ್ಪಿದರೆ ಉಂಡೆ ಒಡೆಯುತ್ತದೆ, ಅವನು ಸಾಯುತ್ತಾನೆ ಎಂದು ಜನರ ನಂಬಿಕೆ. ಅಧಿಕಾರಿ ಇದನ್ನು ವಿಚಿತ್ರ ಆಚಾರವೆಂಬಂತೆ ಬರೆದ. ಬಹಳ ಜನ ಹಾಗೇ ಓದುತ್ತಾರೆ. ನಾವು ಬೇರೆ ಓದಬೇಕು. ನಕ್ಷೆ ಇಲ್ಲದ ಊರಿನಲ್ಲಿ ಪ್ರತಿ ಬದು, ಪ್ರತಿ ಗಡಿಕಲ್ಲು ತಲೆಯಲ್ಲಿ ಇಟ್ಟುಕೊಂಡವನು ಊರೊಳಗೆ ಕಾಲಿಡಬಾರದ ಮನುಷ್ಯ. ಇಡೀ ಊರಿನ ಭೂಮಿ ನಿಂತಿದ್ದು ಅವನ ನೆನಪಿನ ಮೇಲೆ. ತಪ್ಪಿದರೆ ಸಾವು ಎಂಬ ಹೆದರಿಕೆಯೂ ಅವನ ತಲೆಯ ಮೇಲೇ. ಗಡಿ ಉಳಿಯಿತು, ಗಡಿ ಬಲ್ಲವನು ಬರೀ 'ಕುಳವಾಡಿ' ಆಗಿ ಉಳಿದ.

ಸಾಹಿತ್ಯ ಈ ಕೆಲಸವನ್ನು ದಾಖಲೆಗಿಂತ ಚೆನ್ನಾಗಿ ಮಾಡಿದೆಯೆ? ಕೆಲವು ಕಡೆ ಹೌದು. ಕಾರಂತರ 'ಚೋಮನ ದುಡಿ' (1933) ನೋಡಿ. ಒಡೆಯನ ಲೆಕ್ಕದಲ್ಲಿ ಚೋಮ ಮೂಲದಾಳು. ಸಾಲಕ್ಕೆ ಹೋದ ಅವನ ಮಕ್ಕಳು ಕಾಫಿ ತೋಟದ ಲೆಕ್ಕದಲ್ಲಿ ಕೂಲಿಗಳು. ಚೋಮನಿಗೆ ಬೇಕಾದದ್ದು ಬೇಸಾಯ. ಈ ಆಸೆ ಯಾವ ಪುಸ್ತಕದ ಯಾವ ಕಲಮಿನಲ್ಲಿ ಬರೆದಿರುತ್ತಾರೆ? ಸಿಗದೆ ಹೋದ ಕಸುಬೂ ಚರಿತ್ರೆಯೇ ಎಂಬುದನ್ನು ಕಾದಂಬರಿ ಕಾಣಿಸಿತು. ಆದರೆ ಚೋಮ ಹೊರಗಿನವರು ಕಂಡ ಚೋಮ. ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ಎತ್ತಿನ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟು ನೇಗಿಲು ಎಳೆಯುವವರಲ್ಲಿ ಒಬ್ಬ, ಬರೆಯುವವನ ಸ್ವಂತ ಅಪ್ಪ. ಜನಗಣತಿಯವನು ಬಂದಿದ್ದರೆ ಆ ಅಪ್ಪನ ಕಸುಬನ್ನು ಏನೆಂದು ಬರೆದುಕೊಳ್ಳುತ್ತಿದ್ದ? 'ಕೃಷಿ ಕಾರ್ಮಿಕ' ಅಂತಲೆ? 'ಎತ್ತು' ಅಂತ ಬರೆಯಲು ಅವನ ಬಳಿ ಮನೆಯೇ ಇರಲಿಲ್ಲ.

ಹನ್ನೆರಡನೇ ಶತಮಾನದಲ್ಲಿ ಒಮ್ಮೆ ಈ ಲೆಕ್ಕ ತಲೆಕೆಳಗಾಗಿತ್ತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ. ಕಸುಬೂ ಇದೆ, ಹೆಸರೂ ಇದೆ. ಇವರ ಹೆಸರು ಅಳಿಯದೆ ಉಳಿದದ್ದಕ್ಕೆ ದೊಡ್ಡ ಕಾರಣ ಇವರ ಮಾತು ಇವರ ಹೆಸರಿನಲ್ಲೇ ಉಳಿದದ್ದು. ತೋಟಿಯ ಮಾತನ್ನು ಬರೆದುಕೊಂಡವರು ಯಾರು?

ಇದು ಬರೀ ಓದಿನ ಚರ್ಚೆಯಲ್ಲ, ಜಮೀನಿನ ಪ್ರಶ್ನೆ. 1928ರಲ್ಲಿ ಬಾಬಾಸಾಹೇಬರು ಬಾಂಬೆ ಶಾಸನಸಭೆಯಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ತಿದ್ದಲು ಮಸೂದೆ ತಂದರು. ತುಂಡು ವತನಿನ ಆಸೆಗೆ ಮಹಾರರು ಹಗಲುರಾತ್ರಿ ಜೀತಕ್ಕೆ ಕಟ್ಟುಬಿದ್ದಿದ್ದಾರೆ ಎಂಬುದು ಅವರ ವಾದ. ಧಾರವಾಡ, ಬೆಳಗಾವಿ, ಬಿಜಾಪುರಗಳೂ ಆಗ ಅದೇ ಬಾಂಬೆ ಆಡಳಿತದಲ್ಲಿದ್ದವು. ಆ ಮಸೂದೆ ಕಾಯಿದೆಯಾಗಲಿಲ್ಲ. ನಮ್ಮ ರಾಜ್ಯದಲ್ಲಿ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂತು. ಚಾಕರಿ ಹೋಯಿತು, ಜಮೀನನ್ನು ಹುದ್ದೆದಾರನಿಗೆ ಮರುಮಂಜೂರು ಮಾಡಬೇಕಾಯಿತು. ಇವನೇ ಆ ತೋಟಿಯ ಮೊಮ್ಮಗ ಅಂತ ತೋರಿಸೋದು ಹೇಗೆ? ವಂಶವೃಕ್ಷ ತಾ ಅಂತಾರೆ. ಯಾರ ವಂಶವನ್ನು ಬರೆಯಲೇ ಇಲ್ಲವೋ ಅವರನ್ನೇ ಮರ ತೋರಿಸು ಅನ್ನುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರರ ಪಾಲಾಗದಂತೆ 1978ರ ಪಿಟಿಸಿಎಲ್ ಕಾಯಿದೆ ಬಂತು. 2023ರ ತಿದ್ದುಪಡಿ ಅರ್ಜಿಗೆ ಕಾಲಮಿತಿ ಇಲ್ಲವೆಂದಿತು. ಆದರೆ ವಂಶಪಾರಂಪರ್ಯ ಹುದ್ದೆಗೆ ಸೇರಿದ ಇನಾಂ ರದ್ದಾಗಿ ಬಂದ ಜಮೀನನ್ನು ಆ ಕಾಯಿದೆಯ ವ್ಯಾಖ್ಯೆ ಹೊರಗಿಟ್ಟಿದೆ. ಅಜ್ಜನ ಹೊಲ ತೋಟಿ ಇನಾಮೋ, ಸರ್ಕಾರದ ದರಖಾಸ್ತೋ? ಆ ಒಂದು ಪದದ ಮೇಲೆ ಯಾವ ಕಾಯಿದೆಯ ಬಾಗಿಲು ತಟ್ಟಬೇಕು ಅನ್ನುವುದು ನಿಂತಿದೆ. ಕಸುಬಿನ ಹೆಸರು ಅಜ್ಜನನ್ನು ಹೂತುಹಾಕಿತು. ಈಗ ಮೊಮ್ಮಗನ ಹೊಲವೂ ಅದೇ ಹೆಸರಿಗೆ ಗಂಟುಬಿದ್ದಿದೆ.

ಹಳ್ಳಿಯ ಮೇಷ್ಟರಿಗೆ, ಓದುವ ಹುಡುಗರಿಗೆ ಒಂದು ಮಾತು. ತರಗತಿಯಲ್ಲಿ ಎಲ್ಲರೆದುರು 'ನಿಮ್ಮಪ್ಪ ಏನ್ ಕೆಲಸ ಮಾಡ್ತಾನೆ' ಅಂತ ಕೇಳುವ ಪ್ರಶ್ನೆ ನಮ್ಮ ಮಕ್ಕಳ ತಲೆ ತಗ್ಗಿಸಿದೆ. ಅದೇ ಪ್ರಶ್ನೆಯನ್ನು ಕೇರಿಯ ಮುದುಕಿಯರ ಪಕ್ಕ ಕೂತು, ಬೇರೆ ಥರ ಕೇಳಿ. ತಾತನ ಕೈಯಲ್ಲಿ ಯಾವ ಹತಾರ ಇತ್ತು? ಏನು ಬಲ್ಲವನಾಗಿದ್ದ? ಕಣದಲ್ಲಿ ಎಷ್ಟು ಆಯ ಕೊಟ್ಟರು, ಎಷ್ಟು ನುಂಗಿದರು? ಯಾವ ಕೆಲಸ ಒಲ್ಲೆ ಅಂದು ಏಟು ತಿಂದ? ಬರೆದುಕೊಳ್ಳಿ. ಆಮೇಲೆ ತಾಲ್ಲೂಕು ಕಚೇರಿಗೆ ಹೋಗಿ ಸರ್ವೆ ನಂಬರಿನ ಪಕ್ಕ ಇಟ್ಟು ನೋಡಿ. ಮುದುಕಿಯ ಮಾತಿಗೂ ಕಚೇರಿಯ ಕಾಗದಕ್ಕೂ ಎಲ್ಲಿ ತಾಳೆ ಬೀಳುವುದಿಲ್ಲವೋ ಅಲ್ಲಿಂದಲೇ ನಮ್ಮ ಚರಿತ್ರೆ ಶುರುವಾಗಬೇಕು.