ಕರ್ತೃವಿನ ದೋಷವೂ ಕೃತಿಯ ವಿಮರ್ಶೆಯೂ

ಚಲಚ್ಚಿತ್ರಕಾರರ ನಡತೆಯಲ್ಲಿ ಕಳಂಕವು ಕಂಡುಬಂದಾಗ ಅವರ ಕೃತಿಗಳನ್ನು ಕುರಿತು ಎರಡು ಬಗೆಯ ವಿಮರ್ಶೆ ಹುಟ್ಟುವುದುಂಟು. ಒಂದು ಧರ್ಮಾಗ್ರಹದ್ದು, ದೋಷಿಯ ಕೃತಿಯನ್ನು ನೋಡುವುದೇ ದೋಷವೆಂದು ಅದು ವಿಧಿಸುತ್ತದೆ. ಮತ್ತೊಂದು ಮನೋವಿಶ್ಲೇಷಣದ್ದು, ಕೃತಿಯನ್ನು ಕರ್ತೃವಿನ ಸ್ವಪ್ನವೆಂದೆಣಿಸಿ, ಅದರಲ್ಲಿ ಅವನ ಅಂತರಂಗವನ್ನು ಅರಸುತ್ತದೆ. ಇವೆರಡರ ಬಲಾಬಲವನ್ನು ಜರ್ಮನಿಯ ಲೆನಿ ರೀಫೆನ್‌ಸ್ಟಾಲಳ ನಿದರ್ಶನದಿಂದ ಪರಿಶೀಲಿಸಬಹುದು.

ನ್ಯೂರೆಂಬರ್ಗಿನಲ್ಲಿ 1934ರಲ್ಲಿ ನಡೆದ ನಾಜಿ ಪಕ್ಷದ ಮಹಾಸಭೆಯನ್ನು ಚಿತ್ರಿಸಿ ಈಕೆ ಮರುವರ್ಷ ಹೊರತಂದ ಕೃತಿಯು ಹಿಟ್ಲರನನ್ನು ಮೇಘಮಂಡಲದಿಂದಿಳಿದ ದೇವತೆಯೆಂಬಂತೆ ತೋರಿಸಿತು. ಅದರ ಉದ್ದೇಶದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಪ್ರಕೃತ ವಿಚಾರಕ್ಕೆ ಹೆಚ್ಚಾಗಿ ಒದಗುವುದು ‘ಟೀಫ್‌ಲಾಂಡ್’ ಎಂಬ ಕಥಾಚಿತ್ರ. 1940ರಿಂದ 1944ರವರೆಗೆ ಚಿತ್ರಿತವಾಗಿ 1954ರಲ್ಲಿ ತೆರೆಕಂಡ ಈ ಕಥೆಯಲ್ಲಿ ದುಷ್ಟ ಜಮೀನುದಾರನೊಬ್ಬನನ್ನು ಕುರುಬನು ಕೊಲ್ಲುತ್ತಾನೆ. ಇದು ಹಿಟ್ಲರನ ವಿಷಯದಲ್ಲಿ ಆಕೆಯ ಅಂತರಂಗದಲ್ಲಿದ್ದ ಗೂಢ ಪ್ರತಿಭಟನೆಯೆಂದು ವ್ಯಾಖ್ಯಾನಿಸಿದವರುಂಟು.

ವ್ಯಾಖ್ಯಾನವೇನೋ ಚಮತ್ಕಾರವಾಗಿದೆ. ಆದರೆ ಅದೇ ಚಿತ್ರದಲ್ಲಿ ಸ್ಪೇನ್ ದೇಶದ ಹಳ್ಳಿಗರಾಗಿ ಕಾಣಿಸಿಕೊಂಡ 100ಕ್ಕೂ ಮಿಕ್ಕ ಜನರು ಯಾರು? ಸಾಲ್ಜ್‌ಬರ್ಗಿನ ಬಳಿಯ ಮಾಕ್ಸ್‌ಗ್ಲಾನ್, ಬರ್ಲಿನ್ನಿನ ಮಾರ್ಟ್ಸಾನ್, ಈ ಎರಡು ಬಂದಿಶಿಬಿರಗಳಿಂದ ತರಲ್ಪಟ್ಟ ರೋಮಾ ಮತ್ತು ಸಿಂಟಿ ಜನರು; ಮಕ್ಕಳೂ ಅವರಲ್ಲಿದ್ದರು. ಬಳಿಕ ಅನೇಕರನ್ನು ಆಶ್ವಿಟ್ಸ್ ಶಿಬಿರಕ್ಕೆ ಸಾಗಿಸಲಾಯಿತು. ಅವರಿಗೆ ಯಾವ ಕೇಡೂ ಆಗಲಿಲ್ಲವೆಂದು ಆಕೆ 2002ರಲ್ಲಿ ನುಡಿದು, ಆಕ್ಷೇಪಣೆ ಎದ್ದ ಮೇಲೆ ಆ ಮಾತನ್ನು ಹಿಂತೆಗೆದುಕೊಂಡಳು.

ಇಲ್ಲಿ ಎರಡು ಮಾರ್ಗಗಳೂ ಕುಂಟುತ್ತವೆ. ಕರ್ತೃವಿನ ಮನಸ್ಸನ್ನೇ ಅರಸುವವನು ಜಮೀನುದಾರನಲ್ಲಿ ಹಿಟ್ಲರನನ್ನು ಕಾಣುವನೇ ಹೊರತು, ಹಿಂದೆ ನಿಂತಿರುವ ಬಂದಿಗಳ ಮುಖವನ್ನು ಕಾಣನು. ಚಿತ್ರವನ್ನೇ ತ್ಯಜಿಸಿದವನಿಗೂ ಆ ಮುಖಗಳು ಕಾಣವು.

ಸುಸಾನ್ ಸೊಂಟಾಗ್ ಎಂಬ ಅಮೆರಿಕದ ವಿಮರ್ಶಕಿಯು 1975ರಲ್ಲಿ ಹಿಡಿದ ದಾರಿ ಇದಕ್ಕಿಂತ ಮೇಲು. ಆಕೆಯು ರೀಫೆನ್‌ಸ್ಟಾಲಳ ಹಳೆಯ ಚಿತ್ರಗಳನ್ನೂ, ಆಫ್ರಿಕದ ನೂಬಾ ಜನರ ಛಾಯಾಚಿತ್ರಗಳನ್ನೂ ಒಟ್ಟಿಗಿರಿಸಿ, ಬಲದ ಆರಾಧನೆಯು ಎರಡರಲ್ಲಿಯೂ ಒಂದೇ ಎಂದು ವಾದಿಸಿದಳು. ಒಪ್ಪುವುದು ಬಿಡುವುದು ಹಾಗಿರಲಿ, ಆ ತೀರ್ಪು ಕೃತಿಯನ್ನು ಕಣ್ಣಿಟ್ಟು ನೋಡಿ ಕೊಟ್ಟದ್ದು.

ಅನೌಚಿತ್ಯವೇ ರಸಭಂಗಕ್ಕೆ ಕಾರಣವೆಂದು ಆನಂದವರ್ಧನನ ಮತ. ಅವನು ವಿಚಾರಿಸಿದ್ದು ಕಾವ್ಯದೊಳಗಿನ ಔಚಿತ್ಯವನ್ನು. ‘ಟೀಫ್‌ಲಾಂಡ್’ ಚಿತ್ರದಲ್ಲಾದರೋ ಹೊರಗಿನ ಅನ್ಯಾಯವೇ ತೆರೆಯೊಳಕ್ಕೆ ಬಂದು ನಿಂತಿದೆ. ಅದನ್ನು ಬಲ್ಲ ಸಹೃದಯನಿಗೆ ರಸವು ಹೇಗೆ ನಿಂತೀತು? ಮನಶ್ಶಾಸ್ತ್ರವು ಕೃತ್ಯಕ್ಕೆ ಕಾರಣವನ್ನು ಹೇಳಲಿ. ಕ್ಷಮಿಸುವ ಅಧಿಕಾರವು ನೊಂದವರದು. ಧರ್ಮಾಗ್ರಹವೂ ಇರಲಿ, ಅದು ಮೊದಲು ಕಣ್ಣು ತೆರೆದು ನೋಡಿ, ಆಮೇಲೆ ಮಾತನಾಡಲಿ.