ಹಸಿದು ಬೆಳೆದವರ ಗಟ್ಟಿತನ

ಅಡಿಕೆ ತೋಟದ ಬೇರುಹುಳಕ್ಕೆ ಮೆಟಾರೈಜಿಯಂ ಹಾಕುವ ರೈತರಿಗೆ ಅದರ ಹಸಿರು ಪುಡಿ ಪರಿಚಿತ. 1879ರಲ್ಲಿ ವಿಜ್ಞಾನಿ ಮೆಚ್ನಿಕಾಫ್ ಗೋಧಿಯ ದುಂಬಿಯಲ್ಲಿ ಗುರುತಿಸಿದ ಶಿಲೀಂಧ್ರವಿದು. ಬೇಯಿಸಿದ ಅಕ್ಕಿಯ ಮೇಲೆ ಬೆಳೆಸಿದರೆ ಮೊದಲು ಬಿಳಿ ನೂಲು ಹಬ್ಬುತ್ತದೆ, ಆಮೇಲೆ ಅಗುಳು ಅಗುಳೂ ಹಸಿರಾಗುತ್ತದೆ. ಒಣಗಿದ ಗಂಟು ಮುರಿದರೆ ಕೈಗೆ ಹತ್ತುವ ಧೂಳೆಲ್ಲ ಬೀಜಕಣ.

ನನಗೆ ಮೆಚ್ಚುಗೆ ಈ ಕಣಗಳ ಸ್ವಭಾವದ ಬಗ್ಗೆ. ಸಮೃದ್ಧ ಆಹಾರದಲ್ಲಿ ಬೆಳೆದರೆ ಅವು ರಾಶಿ ರಾಶಿ ಹುಟ್ಟುತ್ತವೆ. ಆದರೆ ಬಿಸಿಲಿನ ಅತಿನೇರಳೆ ಕಿರಣಕ್ಕೂ ಶಾಖಕ್ಕೂ ಬೇಗ ಸೋಲುತ್ತವೆ. ಸಕ್ಕರೆಯೇ ಇಲ್ಲದ ಬಡ ಮಾಧ್ಯಮದಲ್ಲಿ ಹುಟ್ಟುವುದು ಕಡಿಮೆ, ತಾಳಿಕೆ ಹೆಚ್ಚು. ಇವುಗಳ ಒಳಗೆ ಟ್ರೆಹಲೋಸ್, ಮ್ಯಾನಿಟಾಲ್ ಎಂಬ ರಕ್ಷಕ ದ್ರವ್ಯಗಳು ಹೆಚ್ಚು ಕೂಡಿರುತ್ತವೆ. ಕತ್ತಲಲ್ಲಿ ಬೆಳೆದವಕ್ಕಿಂತ ಬೆಳಕು ಕಂಡು ಬೆಳೆದವೂ ಗಟ್ಟಿಗರೇ. ಹುಟ್ಟುವಾಗ ತಾಯಿ ಶಿಲೀಂಧ್ರ ಪಟ್ಟ ಪಾಡು ಮರಿಯ ಮೈಗೆ ಬಂದಿರುತ್ತದೆ.

ಹಾಗಾಗಿ ಪೊಟ್ಟಣದ ಮೇಲೆ ಬರೆದ ಕಣಗಳ ಎಣಿಕೆಯೊಂದೇ ಗುಣವಲ್ಲ. ಎಲೆಗೆ ಸಿಂಪಡಿಸುವ ಕಣ ಬಿಸಿಲು ತಾಳಬೇಕು. ಬೇರಿಗೆ ಹಾಕುವುದಕ್ಕೆ ಮಣ್ಣಿನ ನೆರಳಿದೆ, ಅಲ್ಲಿ ತೇವವೇ ಮುಖ್ಯ. ಬೆಳೆಸುವವರ ಜಾಣ್ಮೆ ಇರುವುದು ಇಳುವರಿಗೂ ತಾಳಿಕೆಗೂ ನಡುವಿನ ಹದ ಹಿಡಿಯುವುದರಲ್ಲಿ.